ಕಡಲ ತಡಿಯಲ್ಲೊಂದು ಅರವಟ್ಟಿಗೆ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಯಲ್ಲಿ ಕನ್ನಡ ಪಂಡಿತನಾದವನು ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯವು ಕಡಲ ತಡಿಯಲ್ಲಿ ತಂಪು ಪಾನೀಯ ಮಾರುವ ಸಣ್ಣ ವ್ಯಾಪಾರ. ಕೆಲವರ ಮುಖದಲ್ಲಿ ಕಿರುನಗೆ ಮೂಡಿದುದನ್ನು ಕಂಡೆ. ಆದರೆ ವಿಷಯವು ನಗುವಂತಹುದಲ್ಲ. ನಮ್ಮ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಹೊರಬಿದ್ದ ಮಕ್ಕಳಲ್ಲಿ ಕೆಲವರು ಸರಕಾರಿ ಹುದ್ದೆಯ ಪಟ್ಟಿಗಾಗಿ ಕಾಯುತ್ತಾರೆ, ಕೆಲವರು ಕೊಲ್ಲಿ ನಾಡಿನ ವೀಸಾಕ್ಕಾಗಿ ಕಾಯುತ್ತಾರೆ. ಕಾಯುವ ಮೂರು ನಾಲ್ಕು ವರ್ಷಗಳಲ್ಲಿ ತಾಯಿಯ ಬಳೆ ಬ್ಯಾಂಕಿಗೆ ಹೋಗುತ್ತದೆ. ಮಗನ ಧೈರ್ಯವು ಎಲ್ಲಿಗೆ ಹೋಗುತ್ತದೆಯೋ ಹೇಳಲಾಗದು. ಆ ವರ್ಷಗಳಲ್ಲಿ ಸ್ವಂತ ಕೈಯಿಂದ ನಾಲ್ಕು ಕಾಸು ಗಳಿಸುವ ಮಾರ್ಗವೊಂದಿದ್ದರೆ ಅದನ್ನು ಸಭೆಯಲ್ಲಿ ಚರ್ಚಿಸುವುದು ಭಾಷಾಸೇವೆಗೆ ಹೊರತಾದುದೆಂದು ನಾನು ಭಾವಿಸುವುದಿಲ್ಲ.

ಬಾಯಾರಿದವನಿಗೆ ನೀರು ಕೊಡುವುದು ನಮ್ಮ ನಾಡಿಗೆ ಹೊಸತಲ್ಲ. ಹಳಗನ್ನಡದ ಅರವಂಟಿಗೆಯೇ ಇಂದಿನ ಅರವಟ್ಟಿಗೆ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಂಟಿಗೆ ಇಡಿಸುವುದು ಎಂಬಿವು ಶಾಸನಗಳಲ್ಲಿ ಪುಣ್ಯಕಾರ್ಯಗಳೆನಿಸಿವೆ. ರಾಮನವಮಿಯ ಪಾನಕ, ದಾರಿಬದಿಯ ಮಜ್ಜಿಗೆ ಇವೆಲ್ಲ ಅದೇ ವಂಶದವು. ಅರವಟ್ಟಿಗೆಯವನು ಬೆಲೆ ಕೇಳುತ್ತಿರಲಿಲ್ಲ, ಅಂಗಡಿಯವನು ಕೇಳುತ್ತಾನೆ. ವ್ಯತ್ಯಾಸವು ಅಷ್ಟರಲ್ಲಿಯೇ ನಿಲ್ಲಬೇಕು. ನೀರಿನ ಶುದ್ಧಿಯಲ್ಲಿ, ಕೊಡುವವನ ಮರ್ಯಾದೆಯಲ್ಲಿ ವ್ಯತ್ಯಾಸವಿರಕೂಡದು.

ನಮ್ಮ ಕಾಸರಗೋಡಿನ ತೀರಕ್ಕೆ ಜನರು ಬರುತ್ತಾರೆಂಬುದರಲ್ಲಿ ಸಂದೇಹವಿಲ್ಲ. ಬೇಕಲದ ಕೋಟೆಯ ಕೆಳಗಿನ ಮರಳಿಗೂ ಮಂಜೇಶ್ವರದ ಕಣ್ವತೀರ್ಥಕ್ಕೂ ರಜಾದಿನಗಳಲ್ಲಿ ಸಂಸಾರಸಮೇತ ಬರುವವರಿದ್ದಾರೆ. ಬೇಕಲದ ಪ್ರವಾಸೋದ್ಯಮದ ಅಭಿವೃದ್ಧಿಗೆಂದೇ 1995ರಲ್ಲಿ ಪ್ರತ್ಯೇಕ ನಿಗಮವೊಂದು ಸ್ಥಾಪಿತವಾಯಿತು. ಬರುವವರಿಗೆ ನಾವು ಏನನ್ನು ಕೊಡಬಲ್ಲೆವು? ಕಂಪೆನಿಯ ಬಾಟಲಿಯನ್ನು ಯಾರೂ ಎಲ್ಲಿಯೂ ಮಾರಬಹುದು. ಅದರಲ್ಲಿ ಲಾಭವೂ ಅಲ್ಪ. ನಮ್ಮ ಹಿತ್ತಿಲಿನ ಪುನರ್ಪುಳಿ, ಗುಡ್ಡದ ಸೊಗದೆ ಬೇರು, ಮನೆಯ ಮಜ್ಜಿಗೆಗೆ ಶುಂಠಿ ಕರಿಬೇವು ಹಾಕಿದ ನೀರುಮಜ್ಜಿಗೆ, ಲಿಂಬೆಯ ಶರಬತ್ತು, ತೋಟದ ಬೊಂಡ ಇವು ದೂರದಿಂದ ಬಂದವನಿಗೆ ಅಪೂರ್ವ ವಸ್ತುಗಳು. ನಮ್ಮ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರವು 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಹುಟ್ಟಿದುದು; ಹುಳಿಯದ ತೆಂಗಿನ ರಸವನ್ನು ಶೀತದಲ್ಲಿ ಸಂಗ್ರಹಿಸುವ ವಿಧಾನವನ್ನು ರೂಪಿಸಿ ಆ ರಸಕ್ಕೆ ‘ಕಲ್ಪರಸ’ವೆಂಬ ಹೆಸರನ್ನು ಕೊಟ್ಟಿದೆ. ಆದರೆ ತೆಂಗಿನ ರಸವನ್ನು ಇಳಿಸುವುದಕ್ಕೆ ಅಬಕಾರಿ ಇಲಾಖೆಯ ಅಪ್ಪಣೆ ಬೇಕು. ಹೊಸಬನು ಮೊದಲಿಗೆ ಬೊಂಡದಲ್ಲಿಯೇ ತೃಪ್ತನಾಗುವುದು ಲೇಸು.

ಇನ್ನು ತಂಪಿನ ವಿಚಾರ. ಬಳ್ಳಾರಿಯ ಕಡೆ ಮಣ್ಣಿನ ಹೂಜಿಯಲ್ಲಿಟ್ಟ ನೀರು ಹಿಮದಂತಾಗುತ್ತದೆ; ಅದನ್ನೇ ನಂಬಿ ಕಡಲ ತಡಿಯಲ್ಲಿ ಹೂಜಿ ಇಟ್ಟರೆ ನಿರಾಶೆಯಾದೀತು. ಹೂಜಿಯ ಮೈಯಿಂದ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಒಣ ಹವೆಯಲ್ಲಿ ಇದು ಬೇಗನೆ ನಡೆಯುತ್ತದೆ. ನಮ್ಮ ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಆವಿಯಾಗುವುದು ನಿಧಾನ, ತಂಪೂ ಕಡಮೆ. ಆದುದರಿಂದ ಮಂಜುಗಡ್ಡೆ ಬೇಕೇ ಬೇಕು. ಎಷ್ಟು ಬೇಕು? ಒಂದು ಗ್ರಾಂ ಮಂಜು ಕರಗುವಾಗ 80 ಕೆಲೊರಿ ಶಾಖವನ್ನು ಹೀರುತ್ತದೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. 200 ಮಿಲಿಲೀಟರಿನ ಒಂದು ಲೋಟ ಪಾನೀಯವನ್ನು 30 ಡಿಗ್ರಿಯಿಂದ 10 ಡಿಗ್ರಿಗೆ ಇಳಿಸಲು 4,000 ಕೆಲೊರಿಯನ್ನು ತೆಗೆಯಬೇಕು. 50 ಗ್ರಾಂ ಮಂಜು ಅದಕ್ಕೆ ಸಾಕು. 60 ಲೋಟಗಳಿಗೆ 3 ಕಿಲೊ. ಪೆಟ್ಟಿಗೆಯಲ್ಲಿಯೇ ಕರಗಿ ಹೋಗುವ ಭಾಗಕ್ಕಾಗಿ ಅದರ ಎರಡರಷ್ಟನ್ನು ಕೊಂಡರೂ ಹೊರೆಯಾಗದು. ಪೆಟ್ಟಿಗೆಯು ದಪ್ಪ ಗೋಡೆಯದಾಗಿರಲಿ, ನೆರಳಿನಲ್ಲಿರಲಿ, ಅದರ ಮುಚ್ಚಳವು ಪದೇ ಪದೇ ತೆರೆಯದಿರಲಿ.

ಮಂಜಿನಲ್ಲಿಯೇ ಅಪಾಯವೂ ಇದೆ. ನೀರು ಗಡ್ಡೆ ಕಟ್ಟಿದ ಮಾತ್ರಕ್ಕೆ ಶುದ್ಧವಾಗುವುದಿಲ್ಲ. ಕಾಮಾಲೆಯನ್ನು ತರುವ ವಿಷಾಣುವು ಚಳಿಗೆ ಸಾಯುವಂತಹುದಲ್ಲ. ಮೀನಿಗೆ ಹಾಕುವ ಮಂಜು ಬಂದರಿನಲ್ಲಿ ಅಗ್ಗವಾಗಿ ಸಿಕ್ಕೀತು. ಅದನ್ನು ಲೋಟದ ಸಮೀಪಕ್ಕೂ ತರಕೂಡದು. ಕುಡಿಯಲು ಯೋಗ್ಯವಾದ ನೀರಿನಿಂದ ಮಾಡಿದ ಮಂಜನ್ನೇ ಕೊಳ್ಳತಕ್ಕದ್ದು. ಅದನ್ನೂ ಪಾನೀಯದೊಳಗೆ ಹಾಕದೆ, ಕಾಯಿಸಿ ಆರಿಸಿದ ನೀರಿನಿಂದ ಸಿದ್ಧಗೊಳಿಸಿದ ಪಾನೀಯದ ಪಾತ್ರೆಯ ಸುತ್ತ ತುಂಬುವುದು ಉತ್ತಮ. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಕೆಟ್ಟ ಆಹಾರದಿಂದ ಅನೇಕರು ಅಸ್ವಸ್ಥರಾಗಿ ಒಬ್ಬ ಶಾಲಾಬಾಲಿಕೆ ಪ್ರಾಣ ಕಳೆದುಕೊಂಡಳು. ಅದು ಪಾನೀಯವಲ್ಲದಿರಬಹುದು, ಕಲಿಯಬೇಕಾದ ಪಾಠವು ಒಂದೇ. ಗಿರಾಕಿಯು ನಮ್ಮ ಕೈಯಿಂದ ಲೋಟವನ್ನು ತೆಗೆದುಕೊಳ್ಳುವಾಗ ತನ್ನ ಮಗುವಿನ ಜೀವವನ್ನೇ ನಮ್ಮ ಕೈಯಲ್ಲಿಡುತ್ತಾನೆ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮರಳಿನ ಮೇಲೆ ಕಟ್ಟಡ ಕಟ್ಟುವ ಯೋಚನೆಯನ್ನೇ ಬಿಡಿರಿ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅದಕ್ಕೆ ಅಡ್ಡಿಯಾಗುತ್ತವೆ. ತಳ್ಳುವ ಗಾಡಿಯೇ ಸರಿಯಾದುದು. ಗಾಡಿಯನ್ನು ನಿಲ್ಲಿಸಲು ಪಂಚಾಯತಿನ ಅಥವಾ ನಗರಸಭೆಯ ಅನುಮತಿಯನ್ನೂ, ಉದ್ಯಾನವಾದರೆ ಅದರ ಆಡಳಿತದ ಅನುಮತಿಯನ್ನೂ ಲಿಖಿತವಾಗಿ ಪಡೆಯಿರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಸಣ್ಣ ಆಹಾರ ವ್ಯಾಪಾರಿಯೂ ನೋಂದಾಯಿತನಾಗಿರಬೇಕು. ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಹೀರುಗೊಳವೆ ಇವು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಕಂಪೆನಿಯ ಬಾಟಲಿಯನ್ನು ಮಾರುವುದಾದರೆ ಅದರ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. ‘ತಂಪು ಮಾಡಿದ ಕೂಲಿ’ ಎಂಬ ಸಮಾಧಾನವನ್ನು ಕಾನೂನು ಒಪ್ಪುವುದಿಲ್ಲ. ಕುಡಿದುಳಿದ ಬೊಂಡದ ಚಿಪ್ಪುಗಳನ್ನು ಮರಳಿನಲ್ಲಿ ಬಿಟ್ಟರೆ ಮಳೆನೀರು ನಿಂತು ಡೆಂಗ್ಯೂ ಹರಡುವ ಸೊಳ್ಳೆಗಳಿಗೆ ಮನೆಯಾದೀತು. ಸಂಜೆ ಅವನ್ನೆಲ್ಲ ಹೊತ್ತು ಒಯ್ಯುವುದೂ ವ್ಯಾಪಾರದ ಒಂದು ಭಾಗವೇ.

ಈಗ ಲೆಕ್ಕ. ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಲೋಟ ಪುನರ್ಪುಳಿ ಪಾನಕಕ್ಕೆ ಸಾಮಗ್ರಿಯ ಖರ್ಚು 8 ರೂಪಾಯಿ, ಮಾರಾಟದ ಬೆಲೆ 20. ಲೋಟವೊಂದಕ್ಕೆ ಉಳಿಯುವುದು 12. ಮಂಜು, ಸಾಗಾಟ, ಗಾಡಿಯ ಸವೆತ, ಬಾಡಿಗೆ ಸೇರಿ ದಿನದ ಸ್ಥಿರ ಖರ್ಚು 300 ಎಂದಿರಲಿ. ಹಾಗಾದರೆ 25 ಲೋಟ ಮಾರಿದಾಗ ಖರ್ಚು ಹೊರಟಂತಾಯಿತು. ಸಂಪಾದನೆಯು 26ನೆಯ ಲೋಟದಿಂದ ಆರಂಭ. ರವಿವಾರ 60 ಲೋಟ ಹೋದರೆ 420 ರೂಪಾಯಿ ಲಾಭ. ಬುಧವಾರ 20 ಲೋಟ ಮಾತ್ರ ಹೋದರೆ 60 ರೂಪಾಯಿ ನಷ್ಟ. ವಾರದ ಏಳು ದಿನವೂ ಬಿಸಿಲಿನಲ್ಲಿ ನಿಲ್ಲುವವನಿಗಿಂತ ಎರಡು ದಿನ ನಿಂತವನೇ ಹೆಚ್ಚು ಗಳಿಸಬಹುದೆಂಬುದು ಇದರಿಂದ ಸ್ಪಷ್ಟ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಕಡಲ ಬಳಿಗೆ ಹೋಗುವುದೇ ಅಪಾಯ. ಉಳಿದ ತಿಂಗಳುಗಳ 35 ವಾರಗಳಲ್ಲಿ ವಾರಕ್ಕೆರಡು ದಿನದಂತೆ 70 ದಿನ. ಲಾಭ 29,400 ರೂಪಾಯಿ. ಇದು ಒಂದು ಸಂಸಾರದ ಇಡೀ ವರ್ಷದ ಅನ್ನವಲ್ಲ. ಹಾಗೆಂದು ಯಾರಾದರೂ ಆಸೆ ತೋರಿಸಿದರೆ ನಂಬಬೇಡಿರಿ. ಈ ಲೆಕ್ಕವನ್ನು ನಂಬಿ ದೊಡ್ಡ ಸಾಲವನ್ನೂ ಮಾಡಬೇಡಿರಿ. ಆದರೆ ಕಾಲೇಜಿನ ಶುಲ್ಕಕ್ಕೆ, ಅರ್ಜಿಯ ಖರ್ಚಿಗೆ, ಮನೆಯ ಅಕ್ಕಿಗೆ ಇದು ಆಧಾರವಾಗಬಲ್ಲುದು.

ಮಳೆಗಾಲಕ್ಕೂ ಉಪಾಯವುಂಟು. ಪುನರ್ಪುಳಿಯು ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಮಳೆ ಹಿಡಿಯುವ ಮುನ್ನ ಸಿಪ್ಪೆಯನ್ನು ಒಣಗಿಸಿ, ಸಕ್ಕರೆ ಬೆರೆಸಿ ಶರಬತ್ತಿನ ಪಾಕ ಮಾಡಿಟ್ಟರೆ ಮುಂದಿನ ಹಂಗಾಮಿನ ಬಂಡವಾಳವು ಮನೆಯೊಳಗೇ ಇದ್ದಂತೆ. ಇದು ನಮ್ಮ ತಾಯಂದಿರು ತಲೆತಲಾಂತರದಿಂದ ಬಲ್ಲ ವಿದ್ಯೆ. 1998ರಲ್ಲಿ ಕೇರಳದಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕರೆ ಕೂಟಗಳಲ್ಲಿ ಸೇರಿದ ಮಹಿಳೆಯರು ಇಂತಹ ಸಣ್ಣ ಉದ್ಯಮಗಳನ್ನು ಕೂಡಿ ನಡೆಸುವುದನ್ನು ನಾವು ನೋಡುತ್ತಿದ್ದೇವೆ. ಮಗನ ಗಾಡಿಯ ಹಿಂದೆ ತಾಯಿಯ ಕೈಯಿದ್ದರೆ ಲೆಕ್ಕವು ಬೇರೆಯಾಗುತ್ತದೆ.

ಭಾಷೆಯ ಮಾತನ್ನೂ ಒಂದಿಷ್ಟು ಹೇಳಬೇಕು. ಕನ್ನಡ, ತುಳು, ಮಲೆಯಾಳ, ಬ್ಯಾರಿ, ಕೊಂಕಣಿ ಇಷ್ಟನ್ನೂ ಕೇಳಿ ಬೆಳೆದವರು ನಮ್ಮ ಮಕ್ಕಳು. ಪರೀಕ್ಷೆಯ ಹಾಳೆಯಲ್ಲಿ ಹೊರೆಯಾಗಿ ತೋರುವ ಈ ಬಹುಭಾಷೆಯು ವ್ಯಾಪಾರದಲ್ಲಿ ಬಂಡವಾಳವಾಗಿ ಬಿಡುತ್ತದೆ. ಗಾಡಿಯ ಮೇಲೆ ಮಲೆಯಾಳದೊಡನೆ ಕನ್ನಡದಲ್ಲಿಯೂ ಹೆಸರು ಬೆಲೆಗಳನ್ನು ತಪ್ಪಿಲ್ಲದೆ ಬರೆಯಿರಿ. ಮಂಗಳೂರಿನ ಕಡೆಯಿಂದ ಬಂದವನು ‘ಪುನರ್ಪುಳಿ’ ಎಂಬ ಮಾತನ್ನು ಓದಿ ನಿಂತಾನು.

ಕೊನೆಯದಾಗಿ ಹಿರಿಯರಲ್ಲಿ ಒಂದು ಅರಿಕೆ. ಓದಿದ ಮಗನು ಗಾಡಿ ತಳ್ಳಿದರೆ ಮನೆತನದ ಮಾನ ಹೋಯಿತೆನ್ನುವವರು ನಮ್ಮಲ್ಲಿ ಇದ್ದಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆದವರಿದ್ದರು, ದೋಣಿ ನಡೆಸಿದವರಿದ್ದರು, ಚೆಲ್ಲಿದ ಅಕ್ಕಿಯನ್ನು ಆಯ್ದವರಿದ್ದರು. ಅವರ ವಚನಗಳನ್ನೇ ನಾವು ಪಾಠವಾಗಿ ಹೇಳುತ್ತೇವೆ. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಚೆಲ್ಲಿ ಬರುವಂತೆ ಪತಿಗೆ ಹೇಳಿದ ಲಕ್ಕಮ್ಮನ ಕಥೆ ಮಕ್ಕಳಿಗೆಲ್ಲ ತಿಳಿದಿದೆ. ತಕ್ಕ ಬೆಲೆ, ಶುದ್ಧವಾದ ಪಾನೀಯ, ಸುಳ್ಳಿಲ್ಲದ ಲೆಕ್ಕ ಇಷ್ಟಿದ್ದರೆ ಅದು ಕಾಯಕವೇ. ತರಗತಿಯಲ್ಲಿ ಆ ಕಥೆಯನ್ನು ಹೊಗಳಿ, ಬೀದಿಯಲ್ಲಿ ಅದೇ ದುಡಿಮೆಯನ್ನು ಹೀಗಳೆದರೆ ನಮ್ಮ ಪಾಠಕ್ಕೆ ಬೆಲೆಯೆಲ್ಲಿ?

ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದಿನ ಬೇಸಗೆಯಲ್ಲಿ ಗಾಡಿಯನ್ನು ಹೂಡಿದರೆ, ಈ ಸಭೆಯಲ್ಲಿರುವ ನಾವೆಲ್ಲರೂ ಬಿಟ್ಟಿಯಾಗಿ ಕುಡಿಯದೆ ಬೆಲೆ ಕೊಟ್ಟು ಕುಡಿಯೋಣ. ರುಚಿಯಲ್ಲಿ ಕೊರತೆಯಿದ್ದರೆ ಊರಿಗೆ ಹೇಳದೆ ಅವನಿಗೇ ಹೇಳೋಣ.