ಕಿರಿಯರ ಶಾಲೆಯ ಗುರುವೂ ಆತನ ಉತ್ಸಾಹವೂ



ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಾಸನವುಳ್ಳ ಒಂದು ಬಂಡೆಗಲ್ಲು ಇರುವುದು ಸರ್ವವಿದಿತವಾದ ಸಂಗತಿ. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆಯಿಸಿದ ಈ ಬರಹವು, ಸಮೀಪದ ಪಾಲ್ಕಿಗುಂಡಿನ ಮೇಲಣ ಇನ್ನೊಂದು ಪ್ರತಿಯೊಡನೆ, ೧೯೩೧ರಲ್ಲಿ ಬೆಳಕಿಗೆ ಬಂದಿತು. ಊರ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸುವ ವಾಡಿಕೆಯೂ ಉಂಟು. ಆದರೆ ಅದರಲ್ಲಿ ಏನು ಬರೆದಿದೆಯೆಂದು ವಿಚಾರಿಸುವವರು ವಿರಳ.

ಅದರಲ್ಲಿ ಅರಸನು ತನ್ನ ದಿಗ್ವಿಜಯಗಳನ್ನು ಹೇಳಿಕೊಂಡಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮಿಕ್ಕಿತೆಂದೂ, ಅದರಲ್ಲಿ ಒಂದು ವರ್ಷಕಾಲ ತನ್ನ ಪ್ರಯತ್ನವು ಸಾಲದಾಗಿದ್ದಿತೆಂದೂ, ಸಂಘದ ಸನ್ನಿಧಿಗೆ ಹೋದಂದಿನಿಂದ ವರ್ಷಕ್ಕೂ ಹೆಚ್ಚಾಗಿ ತಾನು ಬಲವಾಗಿ ಉದ್ಯುಕ್ತನಾದೆನೆಂದೂ ಒಪ್ಪಿಕೊಂಡಿರುವನು. ಇಂತಹ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಚಿಕ್ಕವನೂ ಅದನ್ನು ಪಡೆಯಬಲ್ಲನು ಎಂಬುದು ಆತನ ನಂಬುಗೆ. ಈ ಪ್ರಯತ್ನವು ಬಹುಕಾಲ ನಿಲ್ಲಲಿ ಎಂಬುದು ಆತನ ಹಾರೈಕೆ.

ಈ ಕಲ್ಲಿನ ಮಾತಿಗೂ ಕಿರಿಯರ ಶಾಲೆಯ ಗುರುವಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಒಂದು ವರ್ಷ ತಾನು ಸಡಿಲವಾಗಿದ್ದೆನೆಂದು ಚಕ್ರವರ್ತಿಯು ಬಂಡೆಯ ಮೇಲೆ ಬರೆಯಿಸಿದನು. ಪ್ರಾಥಮಿಕ ಶಾಲೆಯ ಶಿಕ್ಷಕನು ಅದೇ ಮಾತನ್ನು ಮನೆಯವರ ಮುಂದೆ ಹೇಳಲಿಕ್ಕೂ ಅಂಜುವನು. ಉತ್ಸಾಹವು ಒಮ್ಮೆ ಹುಟ್ಟಿದರೆ ಹಾಗೆಯೇ ಉರಿಯುತ್ತಿರಬೇಕೆಂದೂ, ಅದು ಕುಂದಿದವನು ವೃತ್ತಿಗೆ ಅಯೋಗ್ಯನೆಂದೂ ಲೋಕವು ತಿಳಿದಿರುವುದರಿಂದ, ಕುಂದಿದವನು ಅದನ್ನು ಮುಚ್ಚಿಡುವನು. ಮುಚ್ಚಿಟ್ಟದ್ದಕ್ಕೆ ಮದ್ದು ಸಿಕ್ಕಲಾರದು.

ಅದು ಕುಂದುವುದಾದರೂ ಹೇಗೆ? ಹೊಸದಾಗಿ ನೇಮಕಗೊಂಡ ಶಿಕ್ಷಕನು ಮೊದಲ ವರ್ಷ ಬಣ್ಣದ ಕಾಗದಗಳನ್ನು ಕತ್ತರಿಸಿ ಗೋಡೆಗೆ ಅಂಟಿಸುವನು, ಹಾಡು ಕಲಿಸುವನು, ಮಕ್ಕಳ ಮನೆಗಳಿಗೆ ಹೋಗಿ ಬರುವನು. ವರ್ಷಗಳು ಉರುಳುವುವು. ಒಂದೇ ಕೋಣೆಯಲ್ಲಿ ಮೂರು ನಾಲ್ಕು ತರಗತಿಗಳು ಕುಳಿತಿರುವುವು. ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಜನಗಣತಿ, ಮೇಲಿನವರು ಕೇಳುವ ವರದಿ ಇವೆಲ್ಲಕ್ಕೂ ಕೈಯೊಂದೇ. ಇಪ್ಪತ್ತು ಸಲ ಕಲಿಸಿದ ‘ಅ ಆ’ವನ್ನು ಇಪ್ಪತ್ತೊಂದನೆಯ ಸಲ ಕಲಿಸುವಾಗ ಆತನ ಧ್ವನಿಯಲ್ಲಿ ಬೇಸರವು ತಾನಾಗಿಯೇ ಇಣುಕುವುದು. ಎದುರಿಗೆ ಕುಳಿತ ಕೂಸಿಗಾದರೋ ಅದು ಮೊದಲನೆಯ ಸಲ. ಅದಕ್ಕೆ ಆ ಬೇಸರವು ಅಕ್ಷರದ ಗುಣವೆಂದೇ ತೋರುವುದು. ‘ಅ’ ಎಂಬುದು ಬೇಸರದ ವಸ್ತುವೆಂದು ಅದು ಕಲಿತುಬಿಡುವುದು.

ಈ ನಾಡಿನಲ್ಲಿ ಇವೆಲ್ಲಕ್ಕಿಂತ ಕಠಿಣವಾದ ಕಾರಣವೊಂದಿದೆ, ಅದು ಗುಳೆ. ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಗಂಗಾವತಿಯ ಸೀಮೆಯು ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಬಹುಭಾಗವಾದರೋ ಮಳೆಯನ್ನೇ ನೆಚ್ಚಿದ ಖುಷ್ಕಿ ಭೂಮಿಯಾಗಿ ಉಳಿಯಿತು. ಸಜ್ಜೆ ಶೇಂಗಾಗಳ ಸುಗ್ಗಿ ತೀರಿದ ಮೇಲೆ, ಮಳೆ ಕೈಕೊಟ್ಟ ವರ್ಷದಲ್ಲಂತೂ ಸುಗ್ಗಿಗೂ ಮೊದಲೇ, ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡದ ಕೆಲಸಕ್ಕೆ ಹೊರಡುವುವು. ಅಜ್ಜ ಅಜ್ಜಿಯರಿರುವ ಮನೆಯ ಮಕ್ಕಳು ಉಳಿಯುವರು. ಉಳಿದವರು ತಾಯಿಯ ಸೆರಗು ಹಿಡಿದು ಹೋಗುವರು. ಕಳೆದ ವಾರ ಅಕ್ಷರ ಕೂಡಿಸಿ ಓದತೊಡಗಿದ್ದ ಹುಡುಗಿಯ ಜಾಗ ಬರಿದಾಗಿರುವುದು. ಆಕೆಯು ಆರು ತಿಂಗಳಿಗೆ ಮರಳುವ ಹೊತ್ತಿಗೆ ಓದಿದ್ದು ಮರೆತಿರುವುದು. ಇಂತಹ ಮಕ್ಕಳಿಗಾಗಿ ಸರ್ಕಾರವು ಋತುಮಾನದ ವಸತಿಶಾಲೆಗಳನ್ನೂ, ಕೆಲಸದ ನೆಲೆಗಳಲ್ಲಿ ಟೆಂಟು ಶಾಲೆಗಳನ್ನೂ ನಡೆಯಿಸಿರುವುದುಂಟು. ಅವು ಎಲ್ಲರನ್ನೂ ಮುಟ್ಟಲಾರವು. ಕಟ್ಟಿದ ಗೋಡೆ ವರ್ಷ ವರ್ಷವೂ ಕುಸಿಯುವುದನ್ನು ಕಂಡವನಿಗೆ ಕಟ್ಟುವ ಹುರುಪು ಹೇಗೆ ಉಳಿಯಬೇಕು? ಇದು ಸೋಮಾರಿಯ ನೆವವಲ್ಲ. ಮನಸ್ಸಿಟ್ಟು ದುಡಿದವನಿಗೇ ತಟ್ಟುವ ನೋವು.

ಇದಕ್ಕೆ ಪರಿಹಾರವೆಂದು ಸ್ಫೂರ್ತಿಯ ಉಪನ್ಯಾಸಗಳನ್ನು ಏರ್ಪಡಿಸುವ ಪದ್ಧತಿಯಿದೆ. ಪ್ರಕೃತ ಭಾಷಣವೂ ಆ ಜಾತಿಗೇ ಸೇರಿದ್ದರಿಂದ ಅದನ್ನು ಹಳಿಯುವುದು ಸಲ್ಲದು. ಆದರೂ ಶರಣರ ಚರಿತ್ರೆಯ ಒಂದು ಪ್ರಸಂಗವನ್ನು ಇಲ್ಲಿ ನೆನೆಯತಕ್ಕದ್ದು. ಕುಷ್ಟಗಿಗೆ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಯಿಸುವ ಕಾಯಕದವನು. ಒಂದು ದಿನ ಆತನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತನು. ಮಡದಿ ಲಕ್ಕಮ್ಮನು ಬಂದು ಕಾಯಕವು ನಿಂತಿತೆಂದು ಎಚ್ಚರಿಸಿದಳು. ಆತನು ಲಗುಬಗೆಯಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಇಷ್ಟು ಆಸೆ ಏತಕ್ಕೆಂದು ಕೇಳಿ ಆ ಹೆಚ್ಚಳವನ್ನು ಆಕೆಯು ಅಲ್ಲಿಯೇ ಚೆಲ್ಲಿಬರಹೇಳಿದಳು. ಉನ್ನತವಾದ ಮಾತನ್ನು ಕೇಳುತ್ತ ಕೆಲಸವನ್ನು ಮರೆಯುವುದು ಒಂದು ತಪ್ಪು. ಮರೆತದ್ದಕ್ಕೆ ನಾಚಿ ಒಂದೇ ದಿನದಲ್ಲಿ ಎಲ್ಲವನ್ನೂ ಮಾಡಹೊರಡುವುದು ಇನ್ನೊಂದು. ತರಬೇತಿಯಿಂದ ಮರಳಿದ ಸೋಮವಾರ ಶಾಲೆಯನ್ನೇ ತಲೆಕೆಳಗು ಮಾಡಿ, ಗುರುವಾರದ ಹೊತ್ತಿಗೆ ದಣಿದು ಕುಳಿತ ಶಿಕ್ಷಕರನ್ನು ಯಾರು ನೋಡಿಲ್ಲ? ದಿನದ ಹಿಡಿಯಕ್ಕಿ ದಿನಕ್ಕೆ ಸಾಕು.

ಹಾಗಾದರೆ ಬತ್ತಿದ ಉತ್ಸಾಹವು ಮತ್ತೆ ಒಸರುವುದು ಎಲ್ಲಿಂದ? ಮಕ್ಕಳ ಕಡೆಯಿಂದಲೇ ಹೊರತು ಬೇರೆ ಕಡೆಯಿಂದಲ್ಲ. ಮಗುವನ್ನು ಬರಿಯ ಪಾತ್ರೆಯೆಂದು ಬಗೆದು ತುಂಬುತ್ತಿರುವವನು ಬೇಗ ಬರಿದಾಗುವನು; ಮಗುವಿನಲ್ಲಿ ಮೊದಲೇ ಏನಿದೆಯೆಂದು ಹುಡುಕುವವನಿಗೆ ದಿನಕ್ಕೊಂದು ಹೊಸತು ಸಿಕ್ಕುವುದು. ಕ್ರಿಸ್ತಶಕ ೮೫೦ರ ಸುಮಾರಿನ ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನೂ, ಎಂದರೆ ಈ ಕೊಪ್ಪಳವನ್ನೂ ಹೆಸರಿಸಿದೆ. ಓದಿ ಕಲಿಯದ ಜನರೂ ಕಾವ್ಯದ ನುಡಿಯಲ್ಲಿ ಬಲ್ಲಿದರು ಎಂದು ಕನ್ನಡಿಗರನ್ನು ಕುರಿತು ಹೇಳಿದ್ದೂ ಆ ಗ್ರಂಥವೇ. ಆ ಬಲ್ಲಿದರ ಮೊಮ್ಮಕ್ಕಳು ಇಂದಿನ ಒಂದನೆಯ ತರಗತಿಯಲ್ಲಿ ಕುಳಿತಿರುವರು. ಅಕ್ಷರ ಬಾರದಿದ್ದರೂ ಅವರಿಗೆ ಗಾದೆ ಬರುವುದು, ಒಗಟು ಬರುವುದು, ಹಂತಿಯ ಹಾಡು ಕೇಳಿ ಗೊತ್ತು.

ಈ ಮನೆನುಡಿಯು ಶಾಲೆಯ ಹೊಸ್ತಿಲು ದಾಟಲು ಬಹುಕಾಲ ಕಾಯಬೇಕಾಯಿತು. ೧೯೪೮ರ ವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದು, ದಫ್ತರದ ಭಾಷೆಯೂ ಮೇಲಣ ವಿದ್ಯೆಯ ಭಾಷೆಯೂ ಉರ್ದುವಾಗಿದ್ದಿತು. ಕನ್ನಡವು ಬಹುಮಟ್ಟಿಗೆ ಐಗಳ ಶಾಲೆಗಳಲ್ಲಿ, ಮಠಗಳ ಪಡಸಾಲೆಗಳಲ್ಲಿ, ಕುಕನೂರಿನ ವಿದ್ಯಾನಂದ ಗುರುಕುಲದಂತಹ ಸ್ವತಂತ್ರ ಸಂಸ್ಥೆಗಳಲ್ಲಿ ಉಸಿರು ಹಿಡಿದಿದ್ದಿತು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿದ ಐಗಳ ಉಪಕಾರವು ದೊಡ್ಡದು. ಅವರಲ್ಲಿ ಕೆಲವರ ಛಡಿಯನ್ನೂ, ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆಯನ್ನೂ ಹೊಗಳುವ ಕಾರಣವಿಲ್ಲ. ಅಂಜಿಕೆಯಿಂದ ಮಗ್ಗಿ ಬಂದೀತು, ಮಗ್ಗಿಯ ಮೇಲೆ ಪ್ರೀತಿ ಬಾರದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಹೊಡೆತವನ್ನು ನಿಷೇಧಿಸಿದಾಗ, ಇನ್ನು ಮಕ್ಕಳು ಮಾತು ಕೇಳಲಾರರೆಂದು ಚಿಂತಿಸಿದವರು ಉಂಟು. ಕೈಯಲ್ಲಿ ಕೋಲಿಲ್ಲದಾಗಲೇ ಗುರುವಿಗೆ ಪಾಠವನ್ನು ರುಚಿಗೊಳಿಸುವ ಹೊಣೆ ಬರುವುದು.

ಈ ಮಣ್ಣಿನ ಮನೆನುಡಿಗೆ ಎಷ್ಟು ಕಸುವಿತ್ತೆಂಬುದಕ್ಕೆ ಒಂದು ಸಾಕ್ಷಿ ಸಾಕು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ೧೯೧೮ರಲ್ಲಿ, ಪಂಡಿತ ಕಲ್ಲಿನಾಥ ಶಾಸ್ತ್ರಿಗಳ ಮಗನಾಗಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉರ್ದುವಿನಲ್ಲಿ ವ್ಯಾಸಂಗ ಮಾಡಿ, ಸರ್ಕಾರದ ಉನ್ನತ ಅಧಿಕಾರಗಳನ್ನು ನಡೆಯಿಸಿ, ‘ಕಾವ್ಯಾನಂದ’ರೆಂಬ ಹೆಸರಿನಿಂದ ಕನ್ನಡದ ಕವಿಗಳಾದರು. ೧೯೮೭ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಈ ಹಿರಿಯರು ಎಳೆಯ ಮಕ್ಕಳಿಗಾಗಿಯೂ ಪದ್ಯ ಬರೆದರೆಂಬುದು ಶಿಕ್ಷಕರು ನೆನೆಯತಕ್ಕ ಮಾತು.

ಮಗುವಿಗೆ ಗೊತ್ತಿದ್ದುದರಿಂದ ಪಾಠವನ್ನು ಆರಂಭಿಸುವುದೆಂದರೆ ಹೇಗೆ? ಪುಸ್ತಕವನ್ನು ತೆರೆಯುವ ಮುನ್ನ ಮಕ್ಕಳು ಮನೆಯಿಂದ ತಂದ ಒಂದು ಹಿಡಿ ಸಜ್ಜೆಯನ್ನು ಚಾಪೆಯ ಮೇಲೆ ಸುರಿಯಲಿ. ಅದನ್ನು ಜೋಡಿಸಿ ‘ಸ’ ಬರೆಯಬಹುದು. ಹತ್ತು ಹತ್ತರ ಗುಂಪು ಮಾಡಿ ನೂರನ್ನು ಎಣಿಸಬಹುದು. ಮನೆಯ ಸೇರು, ಅಚ್ಚೇರು, ಪಾವಸೇರುಗಳನ್ನು ತಂದು ಅಳೆದರೆ ಭಿನ್ನರಾಶಿಯು ಕೈಗೆ ಹತ್ತುವುದು. ಊರ ಎರೆಮಣ್ಣನ್ನೂ ಮಸಾರಿಯನ್ನೂ ಎರಡು ಕುಡಿಕೆಗಳಲ್ಲಿ ತುಂಬಿ ನೀರು ಹೊಯ್ದರೆ ಯಾವುದು ನೀರನ್ನು ಹಿಡಿದಿಡುವುದು, ಯಾವುದು ಬಿಡುವುದೆಂದು ಕಾಣುವುದು. ಯಾವ ಹೊಲಕ್ಕೆ ಯಾವ ಬೆಳೆಯೆಂಬುದನ್ನು ಆಮೇಲೆ ಮಕ್ಕಳೇ ಗುರುವಿಗೆ ಹೇಳುವರು. ಮಳೆಯ ಹೆಸರುಗಳನ್ನು ಅಜ್ಜಿಯಿಂದ ಕೇಳಿ ಬರಹೇಳಿದರೆ ರೋಹಿಣಿಯಿಂದ ಸ್ವಾತಿಯ ವರೆಗೆ ೧೨ ಮಳೆಗಳ ಪಟ್ಟಿಯು ಸಿದ್ಧವಾಗುವುದು. ೩೬೫ ದಿನಗಳನ್ನು ೨೭ ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಎಷ್ಟು ದಿನವೆಂಬ ಲೆಕ್ಕವನ್ನು ಐದನೆಯ ತರಗತಿಯವರು ಮಾಡಬಲ್ಲರು. ಹದಿಮೂರೂವರೆಯೆಂದು ಉತ್ತರ ಬಂದಾಗ, ಆ ಅರ್ಧ ದಿನವು ಎಲ್ಲಿ ಹೋಗುವುದೆಂದು ಯಾವನೋ ಒಬ್ಬನು ಕೇಳದೆ ಇರನು. ಗುರುವಿಗೆ ಕೂಡಲೇ ಉತ್ತರ ಹೊಳೆಯದಿದ್ದರೆ ಅದೇ ಒಳ್ಳೆಯದು. ನಾಳೆ ಶಾಲೆಗೆ ಬರಲು ಇಬ್ಬರಿಗೂ ಒಂದು ಕಾರಣ ಸಿಕ್ಕಿತು.

ಕೊಪ್ಪಳ ತಾಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟನ್ನು ಬಳಸಿ, ಬಣ್ಣದ ಗೊಂಬೆಗಳನ್ನು ಮಾಡುವರು. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಶಿಲಾಯುಗದ ಬಳಿಕದ ಜನರು ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಗೋರಿಮನೆಗಳಿವೆ. ಬಡಿದರೆ ನಗಾರಿಯಂತೆ ನಾದಗೊಡುವ ದೊಡ್ಡ ಗುಂಡುಕಲ್ಲೂ ಅಲ್ಲಿದೆ. ೧೧೧೨ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಇಟಗಿಯ ಗುಡಿಯಲ್ಲಿ ಕಂಬದಿಂದ ಕಂಬಕ್ಕೆ ಅಳತೆ ಹಿಡಿಯುತ್ತ ಒಂದು ಮಧ್ಯಾಹ್ನವನ್ನು ಕಳೆಯಬಹುದು. ದೂರದ ಪಟ್ಟಣದ ಉಪಕರಣಗಳು ಬರಲಿಲ್ಲವೆಂದು ಕಾಯುವವನ ಕಣ್ಣಿಗೆ ಇವು ಬೀಳಲಾರವು.

ಇಂತಹ ವಿಚಾರಗಳು ಹೊಸವಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಸುತ್ತಣ ಹಳ್ಳಿಶಾಲೆಗಳನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ಯನ್ನು ರೂಪಿಸಿದರು. ೨೦೦೯-೧೦ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. ಅದರ ಕಾರ್ಡುಗಳಿಗಿಂತಲೂ ಕಲಿಕಾ ಏಣಿಯ ಕಲ್ಪನೆಯೇ ಬೆಲೆಯುಳ್ಳದ್ದು. ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತಬಹುದು. ಆರು ತಿಂಗಳು ತಪ್ಪಿಸಿಕೊಂಡವನನ್ನು ಉಳಿದವರ ಸಾಲಿಗೆ ಎಳೆದು ನಿಲ್ಲಿಸಿ ನಾಚಿಸಬೇಕಾಗಿಲ್ಲ. ಗುಳೆಯ ನಾಡಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಯಾವುದು? ಆದರೆ ಶಿಕ್ಷಕರೇ ಹುಟ್ಟಿಸಿದ ಆ ಪದ್ಧತಿಯು ಆದೇಶವಾಗಿ ಇಳಿದುಬಂದ ಕಡೆಗಳಲ್ಲಿ, ಕಾರ್ಡು ಹಂಚುವುದೇ ಪಾಠವೆಂಬ ಭ್ರಮೆಯೂ ಹುಟ್ಟದಿರಲಿಲ್ಲ. ೨೦೦೨ರಲ್ಲಿ ಈ ಜಿಲ್ಲೆಯೂ ಸೇರಿ ಈಶಾನ್ಯ ಭಾಗದಲ್ಲಿ ಮೊದಲು ಆರಂಭವಾದ ಮಧ್ಯಾಹ್ನದ ಊಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರಿಟ್ಟವರು ಶರಣರ ಶಬ್ದವನ್ನು ಬಲ್ಲವರೇ ಆಗಿರಬೇಕು. ಹಸಿದ ಹೊಟ್ಟೆಯ ಮಗುವಿನ ತಲೆಗೆ ಪಾಠ ಹತ್ತುವುದಿಲ್ಲವೆಂಬುದನ್ನು ಯಾವ ಗುರುವಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಗುಳೆಯ ಮಾತಿಗೆ ಬರತಕ್ಕದ್ದು. ರೋಹಿಣಿ ಮಳೆಯು ಸಮೀಪಿಸಿದಾಗ ಹೋದವರು ಮರಳುವರು. ಜೂನ್ ತಿಂಗಳ ಒಂದು ಮುಂಜಾನೆ ಆ ಹುಡುಗಿಯು ಶಾಲೆಯ ಬಾಗಿಲಲ್ಲಿ ನಿಂತಿರುವಳು. ಒಳಗೆ ಬರಲು ಅಂಜಿಕೆ. ‘ಎಲ್ಲಿ ಹೋಗಿದ್ದೆವಾ ಇಷ್ಟು ದಿನ?’ ಎಂದು ಅಕ್ಕೋರು ಕೇಳುವರು. ಈ ಮಾತನ್ನು ಎರಡು ದನಿಗಳಲ್ಲಿ ಕೇಳಬಹುದು. ಒಂದು ದನಿಯಲ್ಲಿ ಅದು ಆಪಾದನೆ. ಹುಡುಗಿಯು ತಲೆ ತಗ್ಗಿಸುವಳು, ಮರುದಿನ ಬರುವಳೋ ಇಲ್ಲವೋ. ಇನ್ನೊಂದು ದನಿಯಲ್ಲಿ ಅದು ನಿಜವಾಗಿಯೂ ಪ್ರಶ್ನೆ. ಆಗ ಆಕೆಯು ಮಂಗಳೂರಿನ ಕಟ್ಟಡದ ಏಳನೆಯ ಅಂತಸ್ತನ್ನು ಹೇಳುವಳು, ಒಂದು ಸಾಲಿಗೆ ಎಷ್ಟು ಇಟ್ಟಿಗೆಯೆಂಬುದನ್ನು ಹೇಳುವಳು, ರವಿವಾರ ಅಪ್ಪನ ಹೆಗಲೇರಿ ಕಂಡ ನೀರನ್ನು ಹೇಳುವಳು. ಆಚೆಯ ದಂಡೆಯೇ ಇಲ್ಲದ ನೀರು. ಹೊಂಡದ ನೀರನ್ನಷ್ಟೇ ಕಂಡ ತರಗತಿಯು ಬಾಯಿಬಿಟ್ಟು ಕೇಳುವುದು. ಅಕ್ಕೋರು ಹಲಗೆಯ ಮೇಲೆ ‘ಸಮುದ್ರ’ವೆಂದು ಬರೆಯುವರು. ಹುಡುಗಿಯು ಹತ್ತಿರ ಬಂದು ಮೊದಲನೆಯ ಅಕ್ಷರದ ಮೇಲೆ ಬೆರಳಿಡುವಳು. ಅದು ಸಜ್ಜೆಯ ‘ಸ’.