ಬೀಳಗಿಯಿಂದ ಹೋದ ಎರಡು ಕೊರಳು



ಆಲಮಟ್ಟಿಯ ಹಿನ್ನೀರು ಏರಿದಾಗ ಹಳೇ ಬಾಗಲಕೋಟೆಯ ಓಣಿ ಬಿಟ್ಟು ಬಂದವರು ಕಟ್ಟಿಕೊಂಡ ಊರು ಈ ನವನಗರ. ಬರುವಾಗ ಬಾಗಿಲ ಚೌಕಟ್ಟು ತಂದೆವು, ತೊಲೆ ತಂದೆವು, ದೇವರನ್ನೂ ಹೊತ್ತು ತಂದೆವು. ಆ ಓಣಿಗಳಲ್ಲಿ ರಾತ್ರಿಯಿಡೀ ಕೇಳಿದ ನಾಟಕದ ಪದಗಳನ್ನು ಮಾತ್ರ ಯಾರೂ ಗಂಟು ಕಟ್ಟಿಕೊಳ್ಳಲಿಲ್ಲ. ಇಂದು ಈ ಪೀಠದಲ್ಲಿ ನಿಂತು ನಾನು ಮಾತಾಡಬೇಕೆಂದಿರುವುದು ಆ ಪದಗಳನ್ನು ಹಾಡಿ ಬದುಕಿದವರ ಬಗ್ಗೆ. ಅದರಲ್ಲೂ ಇಬ್ಬರು ಹೆಣ್ಣುಮಕ್ಕಳ ಬಗ್ಗೆ.

ಇಲ್ಲಿಂದ ಬಸ್ಸು ಹತ್ತಿದರೆ ಬೀಳಗಿ ಹತ್ತಿರದ ಹಾದಿ. ಅಮೀರಬಾಯಿ, ಗೋಹರಬಾಯಿ ಎಂಬ ಅಕ್ಕತಂಗಿಯರು ಆ ಊರಿನವರು. ಹಾಡು, ನಾಟಕ ಎರಡೂ ಇದ್ದ ಮನೆತನ. ಕಂಪನಿಗಳಲ್ಲಿ ಹಾಡಿ ಪಳಗಿ ಮುಂಬೈಗೆ ಹೋದರು. ಹೋದವರು ಹೆಸರಿನ ಮುಂದೆ ಮನೆತನದ ಅಡ್ಡಹೆಸರು ಹಾಕಿಕೊಳ್ಳಲಿಲ್ಲ, 'ಕರ್ನಾಟಕಿ' ಎಂದು ಹಾಕಿಕೊಂಡರು. ಕರ್ನಾಟಕ ಎಂಬ ರಾಜ್ಯ ನಕಾಶೆಯ ಮೇಲೆ ಬರುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ಬೀಳಗಿ ಆಗ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ನಾಡು ಒಂದಾಗುವ ಮೊದಲೇ ಗ್ರಾಮಾಫೋನು ತಟ್ಟೆಯ ಮೇಲೆ ಆ ಹೆಸರು ಅಚ್ಚಾಗಿತ್ತು. ಏಕೀಕರಣದ ಕಥೆ ಹೇಳುವಾಗ ಈ ಇಬ್ಬರನ್ನೂ ನೆನೆಯಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಅಮೀರಬಾಯಿಯವರ ಸಿನಿಮಾ ಕಥೆ ನಿಮಗೆ ಗೊತ್ತಿರುವುದೇ. 1943ರ 'ಕಿಸ್ಮತ್' ಕಲ್ಕತ್ತೆಯ ರಾಕ್ಸಿ ಟಾಕೀಜಿನಲ್ಲಿ ಮೂರು ವರ್ಷ ಮೀರಿ ಓಡಿತು. ಅನಿಲ್ ಬಿಸ್ವಾಸ್ ಸಂಗೀತ, ನಾಯಕಿಗೆ ನಮ್ಮ ಬೀಳಗಿಯ ಕೊರಳು. 1948ರ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ಕೊಟ್ಟರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕರ ಕುರ್ಚಿಯಲ್ಲಿ ಕೂರುವುದು ತೀರ ಅಪರೂಪವಿದ್ದ ಕಾಲ ಅದು. ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಬದುಕನ್ನು ಹುಡುಕಿ ಪುಸ್ತಕ ಬರೆದರು, ಆ ಋಣ ನಮ್ಮ ಜಿಲ್ಲೆಯ ಮೇಲಿದೆ.

ಗೋಹರಬಾಯಿಯವರ ವಿಷಯದಲ್ಲಿ ನಾವು ಅಷ್ಟೂ ಮಾಡಲಿಲ್ಲ. ಆದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ.

ಅವರು ಹಾಡಿದ ಮರಾಠಿ ಸಂಗೀತ ನಾಟಕಕ್ಕೂ ನಮಗೂ ಇರುವ ನಂಟು ಹಳೆಯದು. 1880ರಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಆ ರಂಗದ ಮುಕುಟಮಣಿ ಬಾಲಗಂಧರ್ವರು, ಅಂದರೆ ನಾರಾಯಣರಾವ್ ರಾಜಹಂಸ. ಗಂಡಸಾಗಿ ಹುಟ್ಟಿ ಹೆಣ್ಣು ಪಾತ್ರದಲ್ಲಿ ಎಂಥ ಚೆಲುವು ತಂದರೆಂದರೆ, ಒಳ್ಳೆಯ ಮನೆತನದ ಹೆಂಗಸರು ಅವರನ್ನು ನೋಡಿ ಸೀರೆ ಉಡುವುದು, ಹೂ ಮುಡಿಯುವುದು ಕಲಿತರು. ಗೋಹರಬಾಯಿಗೆ ಅವರೇ ಗುರು. ಆದರೆ ಪಾಠ ಎದುರು ಕೂತು ಆದದ್ದಲ್ಲ. ತಟ್ಟೆ ಹಚ್ಚಿ, ಮುಳ್ಳು ಇಟ್ಟು, ಕೇಳಿ ಕೇಳಿ ಕಲಿತದ್ದು.

ಆ ಪಾಠ ಎಷ್ಟು ಕಷ್ಟದ್ದು ಎಂಬುದನ್ನು ಹಾಡುವವರು ಬಲ್ಲರು. ರಂಗದ ಮೇಲೆ ಒಂದು ಪದ 'ಒನ್ಸ್ ಮೋರ್' ಮೇಲೆ 'ಒನ್ಸ್ ಮೋರ್' ಬಿದ್ದು ಅರ್ಧ ತಾಸು ಬೆಳೆಯುತ್ತಿತ್ತು. ತಟ್ಟೆಯಲ್ಲಿ ಅದಕ್ಕೆ ಸಿಕ್ಕುವುದು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಗಾಯಕ ಉಸಿರು ಎಲ್ಲಿ ತಗೊಂಡ, ಮಾತು ಮುಗಿದು ಸ್ವರ ಎಲ್ಲಿ ಶುರುವಾಯಿತು, ಅಕ್ಷರ ನುಂಗದೆ ತಾನ್ ಹೇಗೆ ಹೊರಳಿತು ಎಂದು ಹಿಡಿಯಬೇಕು. ಹಿಡಿದದ್ದನ್ನು ಮತ್ತೆ ಅರ್ಧ ತಾಸಿಗೆ ಬಿಚ್ಚಬೇಕು. ಮೈಕು ಇಲ್ಲ. ಕಾಲು ಪೇಟಿಯ ಮೇಲೆ ಮಾಸ್ತರರು ಏರು ಶ್ರುತಿ ಹಿಡಿದರೆ ಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ರೈತನಿಗೆ ಪದದ ಅರ್ಥ ಮುಟ್ಟಬೇಕು. ಹಾಡುವ ನಟ ಎಂದರೆ ಹಾಡು ಬರುವ ನಟ ಅಂತಲ್ಲ. ಹಾಡುತ್ತಿರುವಾಗಲೂ ರುಕ್ಮಿಣಿ ರುಕ್ಮಿಣಿಯಾಗಿಯೇ ಉಳಿಯಬೇಕು. ಬೀಳಗಿಯ ಕನ್ನಡದ ಹುಡುಗಿ, ಮುಸಲ್ಮಾನರ ಮನೆಯ ಮಗಳು, ಇದನ್ನು ಮರಾಠಿಯಲ್ಲಿ ಸಾಧಿಸಿದಳು.

1930ರ ದಶಕದ ಕೊನೆಗೆ ಗೋಹರಬಾಯಿ ಗಂಧರ್ವ ನಾಟಕ ಮಂಡಳಿ ಸೇರಿದರು. ಐವತ್ತರ ಅಂಚಿಗೆ ಬಂದಿದ್ದ ಬಾಲಗಂಧರ್ವರು ಗಂಡು ಪಾತ್ರಕ್ಕೆ ಸರಿದು, ನಾಯಕಿಯ ಜಾಗವನ್ನು ಅವರಿಗೆ ಬಿಟ್ಟುಕೊಟ್ಟರು. ಪ್ರೇಕ್ಷಕರು ಒಪ್ಪಲಿಲ್ಲ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಿದ್ದು ಅವರಿಗೆ ಸರಿ ಕಾಣಲಿಲ್ಲ! ಕಂಪನಿ ಮುಳುಗಿದ್ದಕ್ಕೂ, ಬಾಲಗಂಧರ್ವರ ಕೈ ಬರಿದಾದದ್ದಕ್ಕೂ ಈಕೆಯೇ ಕಾರಣ ಎಂಬ ಅಪವಾದ ಹೊರಿಸಿದರು. ಇದು ಅನ್ಯಾಯ ಎಂದು ಈ ವೇದಿಕೆಯಿಂದ ಹೇಳಬಯಸುತ್ತೇನೆ. ಕಂಪನಿಯ ಸಾಲ 1920ರ ದಶಕದ್ದು. ರೇಷ್ಮೆ, ಅತ್ತರು, ಬೆಲೆಬಾಳುವ ಸೀನುಗಳಿಗೆ ಸುರಿದ ದುಡ್ಡಿನದು. 1931ರಲ್ಲಿ ಟಾಕಿ ಬಂತು, ಎಷ್ಟೋ ಕಂಪನಿಗಳ ಟೆಂಟು ಕಳಚಿತು. ಅಲ್ಲೆಲ್ಲ ಯಾವ ಗೋಹರಬಾಯಿ ಇದ್ದರು? ಮುಂದೆ ಬಾಲಗಂಧರ್ವರು ಅವರನ್ನು ಮದುವೆಯಾದರು. ಕಾಲು ಸೋತು ಅವರು ಹಾಸಿಗೆ ಹಿಡಿದಾಗ ಚಾಕರಿ ಮಾಡಿದ್ದು ಇದೇ ನಮ್ಮ ಸೀಮೆಯ ಹೆಣ್ಣುಮಗಳು.

ದೂರದವರನ್ನು ದೂರಿ ಏನು ಮಾಡುವುದು, ನಮ್ಮ ನಡತೆಯೂ ಬೇರೆಯಲ್ಲ. ಬನಶಂಕರಿ ಜಾತ್ರೆಗೆ ಇಂದಿಗೂ ಕಂಪನಿಗಳು ಕ್ಯಾಂಪು ಹಾಕುತ್ತವೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಅಲ್ಲಿ ನೋಡಿದ ಒಂದು ನಾಟಕ ನೆನಪಿದೆ. ದ್ರೌಪದಿ ಹಾಡಿದರೆ ಜನ ನೋಟು ಪಿನ್ನು ಚುಚ್ಚಿ ಹಾರ ಹಾಕಿದರು. ಮರುದಿನ ಮುಂಜಾನೆ ಅದೇ ಆಕೆ ನಮ್ಮ ಓಣಿಯಲ್ಲಿ ನೀರು ಕೇಳಿದಾಗ, ಒಬ್ಬರು ತಂಬಿಗೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟರು. ಆಕೆ ತಂಬಿಗೆ ಎತ್ತಿ ಕುಡಿದು, ಸೆರಗಿನಿಂದ ಅದನ್ನು ಒರೆಸಿ, ಇದ್ದಲ್ಲೇ ಇಟ್ಟು ಹೋದಳು. ಆ ಸೆರಗಿನ ಅಂಚು ನನ್ನ ಕಣ್ಣಿನಿಂದ ಹೋಗಿಲ್ಲ.

ಈ ನೆಲಕ್ಕೆ ನಾಟಕದ ಬರ ಎಂದೂ ಇರಲಿಲ್ಲ. 'ರಕ್ತರಾತ್ರಿ' ಬರೆದ ಕಂದಗಲ್ಲ ಹನುಮಂತರಾಯರು ಹುನಗುಂದ ಸೀಮೆಯವರು. ಅದೇ ಸೀಮೆಯ ಸೂಳೇಭಾವಿಯ ಧುತ್ತರಗಿಯವರ 'ಸಂಪತ್ತಿಗೆ ಸವಾಲ್' 1974ರಲ್ಲಿ ಸಿನಿಮಾ ಆಯಿತು. ರಾಜಕುಮಾರ್ ತಾವೇ ಹಾಡುವ ಪರಿಪಾಠ ಗಟ್ಟಿಯಾದದ್ದು ಆ ಚಿತ್ರದಿಂದ. ಗುಬ್ಬಿ ಕಂಪನಿಯಲ್ಲಿ ಪಳಗಿದ ಕೊರಳು, ನಮ್ಮ ಕಂಪನಿ ನಾಟಕದ ಕಥೆಯಲ್ಲಿ ಮತ್ತೆ ತೆರೆಯಿತು. ಈ ನಾಟಕಗಳ ಮಾತು ಅಚ್ಚಿನಲ್ಲಿ ಉಳಿದಿದೆ. ಮಟ್ಟು ಉಳಿದಿಲ್ಲ. ಪುಸ್ತಕದಲ್ಲಿ ಪದದ ನೆತ್ತಿಯ ಮೇಲೆ ರಾಗದ ಹೆಸರೊಂದು ಇರುತ್ತದೆ, ಅಷ್ಟೆ. ಭೀಮಪಲಾಸ ಎಂದು ಬರೆದರೆ ಯಾವ ಭೀಮಪಲಾಸ? ಯಾರ ಬಾಯಿಂದ ಬಂದದ್ದು? ಎಲ್ಲಿ ತಡೆದು, ಎಲ್ಲಿ ಅತ್ತು, ಎಲ್ಲಿ ಸಭೆಯ ಕಡೆ ತಿರುಗಿ ಹಾಡಿದ್ದು? ಅದು ಹಾಡಿದವರ ಮೈಯಲ್ಲಿದೆ. ಅವರಲ್ಲಿ ಕೆಲವರು ಮಾಸಾಶನದ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ, ಕೆಲವರು ಈ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಬೀಳಗಿಯಲ್ಲಿ ಈ ಅಕ್ಕತಂಗಿಯರ ಹೆಸರಿನ ಒಂದು ರಂಗಮಂದಿರ ಆಗಲಿ ಎಂದು ಸರ್ಕಾರವನ್ನು ಕೇಳುತ್ತೇನೆ. ಅದು ಆಗಲು ವರ್ಷಗಳು ಬೇಕು. ಇಂದೇ ಆಗುವ ಕೆಲಸವೊಂದಿದೆ. ಊಟದ ನಂತರದ ಗೋಷ್ಠಿಯನ್ನು ಭಾಷಣಕ್ಕೆ ಕೊಡುವುದು ಬೇಡ ಎಂದು ಸಂಘಟಕರಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಇಳಕಲ್ಲಿನಿಂದ ಬಂದಿರುವ ಆ ಕಾಲು ಪೇಟಿಯನ್ನು ಇಲ್ಲಿ ನಡುವೆ ಇಡುತ್ತಾರೆ. ಹಿರಿಯ ಅಕ್ಕಂದಿರು, ಅಣ್ಣಂದಿರು ಒಬ್ಬೊಬ್ಬರಾಗಿ ಬಂದು, ತಾವು ಮಾಡಿದ ಪಾರ್ಟಿನ ಪದಗಳನ್ನು ನೆನಪಿದ್ದಷ್ಟು ಹಾಡಬೇಕು. ಕೊರಳು ಒಡೆದಿದ್ದರೂ ಹಾಡಬೇಕು. ಕಾಲೇಜಿನ ಹುಡುಗ ಹುಡುಗಿಯರೆ, ನಿಮ್ಮ ಕೈಯಲ್ಲಿ ಫೋನುಗಳಿವೆ. ಹಾಡುವವರ ಹತ್ತಿರ ಕೂತುಕೊಳ್ಳಿ, ರೆಕಾರ್ಡ್ ಮಾಡಿಕೊಳ್ಳಿ. ಯಾರಿಂದ ಕಲಿತಿರಿ, ಯಾವ ಕಂಪನಿ, ಯಾವ ಊರಿನ ಕ್ಯಾಂಪು ಎಂದು ಕೇಳಿ ಬರೆದುಕೊಳ್ಳಿ. ಹಾಡುವ ಮೊದಲು ಅವರಿಗೆ ಕುಡಿಯಲು ನೀರು ಕೊಡಿ. ತಂಬಿಗೆ ಅವರ ಕೈಗೇ ಕೊಡಿ.