ಹಳೆಯ ಗಡಿಯಾರ, ಹೊಸ ಬಣ್ಣ

ಶಹಾಬಾದಿನಲ್ಲಿ ಕಲ್ಲಿನ ಧೂಳು, ವಾಡಿಯಲ್ಲಿ ಸಿಮೆಂಟಿನ ಧೂಳು. ಎರಡೂ ಕೈಗಡಿಯಾರಕ್ಕೆ ವೈರಿಗಳೇ. ಚಾವಿಯ ಸಂದಿಯಿಂದ ಒಳನುಗ್ಗಿ, ಎಣ್ಣೆಯಲ್ಲಿ ಬೆರೆತು, ಚಕ್ರಗಳನ್ನು ಸಾಣೆಕಲ್ಲಿನಂತೆ ತೇಯುತ್ತವೆ. ನಮ್ಮ ತಂದೆಯವರ ಗಡಿಯಾರ ನಿಂತುಹೋದದ್ದೂ ಹೀಗೆಯೇ.

ಅದರ ಮುಖದ ಮೇಲೆ ಎಚ್.ಎಂ.ಟಿ. ಎಂಬುದರ ಜೊತೆಗೆ ಸಿಟಿಜನ್ ಎಂಬ ಜಪಾನೀ ಹೆಸರೂ ಇದ್ದಿತು. ೧೯೬೧ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಗಡಿಯಾರ ಕಾರ್ಖಾನೆ ಆರಂಭವಾದದ್ದು ಆ ಕಂಪನಿಯ ಸಹಯೋಗದಿಂದ. ೨೦೧೬ರಲ್ಲಿ ಕೇಂದ್ರ ಸರ್ಕಾರ ಆ ಉದ್ಯಮವನ್ನು ಮುಚ್ಚಲು ನಿರ್ಧರಿಸಿತು.

“ಹೊಸದರಂತೆ ಮಾಡಿಕೊಡಿ” ಎಂದು ರಿಪೇರಿಯವರಿಗೆ ಹೇಳಿದವನು ನಾನೇ. ಅವರು ಮಾತಿಗೆ ತಪ್ಪಲಿಲ್ಲ. ಮುಖಕ್ಕೆ ಕಡುನೀಲಿ ಬಳಿದು, ಎಚ್.ಎಂ.ಟಿ. ಎಂದಷ್ಟೇ ಅಚ್ಚೊತ್ತಿದರು. ಸಿಟಿಜನ್ ಮಾಯವಾಯಿತು, ಹಳದಿಗಟ್ಟಿದ ಆ ಹಳೆಯ ಬಿಳುಪೂ ಹೋಯಿತು. ಯಂತ್ರವೇನೋ ಓಡಿತು; ಅಮ್ಮನಿಗೆ ಮಾತ್ರ ಗುರುತೇ ಸಿಗಲಿಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಪೆಟ್ಟಿಗೆಯೊಳಗೆ ಇಂಥದೊಂದನ್ನು ಇಟ್ಟುಕೊಂಡವರು ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಲಿ, ಮುಖವನ್ನು ಮುಟ್ಟಗೊಡದಿರಲಿ. ಕೊಳ್ಳುವವರಿಗೂ ಒಂದು ಮಾತು. ಹಳೆಯ ಸೀಕೋ ಎಂದು ಅಗ್ಗಕ್ಕೆ ಬರುವ ಬಣ್ಣಬಣ್ಣದ ಗಡಿಯಾರಗಳಲ್ಲಿ ಎಷ್ಟೋ ಹೀಗೆ ಬಳಿದವು. ಅದರ ಬೆನ್ನಿನ ಸಂಖ್ಯೆಯಲ್ಲಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಮುಖ ಆ ಕಾಲದ್ದೋ ಅಲ್ಲವೋ ಹೋಲಿಸಿ ನೋಡಬಹುದು.

ನಮ್ಮ ಗಡಿಯಾರದ ಮುಚ್ಚಳದ ಒಳಮೈಯಲ್ಲಿ ಹಿಂದೊಮ್ಮೆ ರಿಪೇರಿ ಮಾಡಿದವರು ಸೂಜಿಯಿಂದ ಗೀಚಿದ ತಾರೀಖೊಂದು ಉಳಿದಿತ್ತು. ಅಮ್ಮ ಅದನ್ನು ದೀಪದ ಬಳಿ ಹಿಡಿದು ಓದಿ, “ಹೌದು, ಆ ವರ್ಷವೇ ಕೆಟ್ಟಿತ್ತು” ಎಂದರು.